ಮಾಮು ಬಲೆಯ ರೋಹು, ನನ್ನ ಕೆಂಪು ದಾರ

ನಮ್ಮ ಮಾಮು ನಾಗರಾಳ ಜಲಾಶಯದಲ್ಲಿ ಬಲೆ ಹಾಕುತ್ತಾರೆ. ಅವರ ರೋಹು, ಕಟ್ಲಾ ತಿಂದವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ, ಹೆಸರು ಬೇಡ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಅವರದು ಒಂದೇ ಉತ್ತರ: "ಹಳೇ ಹೊಳೀ ಗುಂಡಿಗೆ." ಅಂದರೆ ಡ್ಯಾಮ್ ಕಟ್ಟುವ ಮೊದಲು ಮುಲ್ಲಾಮಾರಿ ಹರಿಯುತ್ತಿದ್ದ ಪಾತ್ರಕ್ಕೆ. ನಾನು ಸೈನ್ಸ್ ವಿದ್ಯಾರ್ಥಿ, ಸಾಕ್ಷಿ ಬೇಕು ಅಂದೆ.

ಕಳೆದ ಮಾರ್ಚ್‌ನಲ್ಲಿ ಅಮ್ಮಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದುಕೊಂಡು ಹೋದೆ. ಅರ್ಧ ಕಿಲೋದ ಒಂದು ರೋಹುವಿನ ಬೆನ್ನಿನ ಈಜುರೆಕ್ಕೆಯ ಬುಡಕ್ಕೆ ಸೂಜಿ ಚುಚ್ಚಿ, ಗಂಟು ಹಾಕಿ, ನೀರಿಗೆ ಬಿಟ್ಟೆ. ಹತ್ತೊಂಬತ್ತನೇ ದಿನ ಅದು ಮಾಮು ಬಲೆಗೇ ಬಿತ್ತು. ನಾನು ಕುಣಿದಾಡಿದೆ. ಆಮೇಲೆ ಹತ್ತಿರದಿಂದ ನೋಡಿದೆ. ದಾರದ ಸುತ್ತ ಚರ್ಮ ಹುಣ್ಣಾಗಿ ಬೆಳ್ಳಗಾಗಿತ್ತು, ಮೀನು ಬಡಕಲಾಗಿತ್ತು.

"ಇದನ್ನ ಯಾರಿಗೆ ಮಾರಲಿ, ಭಾಂಜೆ?" ಅಂದರು ಮಾಮು. ರೊಕ್ಕದ ಮಾತಾಗಿರಲಿಲ್ಲ ಅದು. ಆ ದಿನ ನನಗೆ ಊಟ ಸೇರಲಿಲ್ಲ.

ಮೀನಿಗೆ ನೋವು ಕೊಟ್ಟೂ ನನಗೆ ಸಿಕ್ಕಿದ್ದು ಎರಡೇ ಸಂಗತಿ: ಎಲ್ಲಿ ಬಿಟ್ಟೆ, ಎಲ್ಲಿ ಸಿಕ್ಕಿತು. ನಡುವಿನ ಹತ್ತೊಂಬತ್ತು ದಿನ ಪೂರ್ತಿ ಖಾಲಿ. ಆ ಖಾಲಿ ಜಾಗ ತುಂಬುವವರು ಇದ್ದಾರೆಯೇ ಎಂದು ಹುಡುಕಿದಾಗ ಅಕೌಸ್ಟಿಕ್ ಟೆಲಿಮೆಟ್ರಿ ಸಿಕ್ಕಿತು. ಮೀನಿಗೆ ಮಂಪರು ಬರಿಸಿ, ಹೊಟ್ಟೆಯೊಳಗೆ ಸಣ್ಣ ಟ್ಯಾಗ್ ಇಟ್ಟು ಹೊಲಿಗೆ ಹಾಕುತ್ತಾರೆ. ಟ್ಯಾಗಿನ ತೂಕ ಮೀನಿನ ತೂಕದ ಶೇ. 2 ಮೀರಬಾರದು ಎಂಬುದು ಬಹಳ ಕಾಲದಿಂದ ಪಾಲಿಸುವ ಲೆಕ್ಕ. ನನ್ನ ರೋಹುವಿಗಾದರೆ 10 ಗ್ರಾಂ. ಟ್ಯಾಗ್ ಸಾಮಾನ್ಯವಾಗಿ 69 ಕಿಲೋಹರ್ಟ್ಸ್ ಶಬ್ದ ಮಿಡಿಯುತ್ತದೆ. ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಮಿಡಿತಗಳ ನಡುವಿನ ಅಂತರವೇ ಆ ಮೀನಿನ ನಂಬರು. ನೀರಿನಡಿ ಇಟ್ಟ ರಿಸೀವರ್ ನಂಬರು, ತಾರೀಖು, ಗಂಟೆ ಬರೆದುಕೊಳ್ಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಎಂದು ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ್ದೆ, ಅದರಿಂದ ಏನು ಉಪಯೋಗ ಎಂದು ಮಾತ್ರ ಕೇಳಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಅಸ್ಸಾಂನಲ್ಲಿ ಗಂಗಾ ಡಾಲ್ಫಿನ್ ಒಂದಕ್ಕೆ ಮೊದಲ ಬಾರಿಗೆ ಟ್ಯಾಗ್ ಹಾಕಿದರಲ್ಲ, ಅದು ಉಪಗ್ರಹದ್ದು. ಡಾಲ್ಫಿನ್ ಉಸಿರಿಗೆ ಮೇಲೆ ಬರಲೇಬೇಕು, ಬಂದಾಗ ಸಿಗ್ನಲ್ ಹೋಗುತ್ತದೆ. ರೋಹುವಿಗೆ ಆ ಗರಜು ಇಲ್ಲ. ಅದಕ್ಕೇ ಶಬ್ದ.

ಇದನ್ನೆಲ್ಲ ಓದಿದ ಮೇಲೆ ಅಬ್ಬಾಗೆ ಹೇಳಿದೆ: ನೀಟ್ ಬೇಡ, ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಹೋಗುತ್ತೇನೆ. 1969ರಿಂದ ಇರುವ ಕಾಲೇಜು ಎಂದೂ ಹೇಳಿದೆ. "ಮೀನು ಹಿಡಿಯಾಕ ಡಿಗ್ರಿ ಬೇಕೇನು? ನಿಮ್ಮ ಮಾಮು ಎಷ್ಟು ಓದ್ಯಾನ?" ಅಂದರು. ಮಾತು ಇನ್ನೂ ಅಲ್ಲೇ ನಿಂತಿದೆ. ಅಮ್ಮಿ ನನ್ನ ಕಡೆ ಇದ್ದಾರೆ, ಆದರೆ ದಾರದ ಡಬ್ಬಿ ಈಗ ಬೀರುವಿನೊಳಗೆ ಬೀಗದಲ್ಲಿದೆ.

ಹೋದ ಭಾನುವಾರ ಮಾಮುಗೆ ರಿಸೀವರ್ ಬಗ್ಗೆ ವಿವರಿಸಿದೆ. ಒಂದು ರಿಸೀವರಿಗೆ ಕೆಲವು ನೂರು ಮೀಟರ್ ಅಷ್ಟೇ ಕೇಳಿಸುತ್ತದೆ, ತಪ್ಪು ಜಾಗದಲ್ಲಿಟ್ಟರೆ ವರ್ಷವಿಡೀ ಏನೂ ಸಿಗದಿರಬಹುದು ಎಂದೆ. ಅವರು ಬಲೆ ಹೊಲಿಯುವುದನ್ನು ನಿಲ್ಲಿಸಿದರು. ಕಡ್ಡಿ ತಗೊಂಡು ಮಣ್ಣಿನ ಮೇಲೆ ಹಳೇ ಹೊಳೆಯ ತಿರುವು ಗೀಚಿ, ಮೂರು ಕಡೆ ಚುಕ್ಕೆ ಇಟ್ಟರು.

"ನಾಕನೇದು ಹೇಳಂಗಿಲ್ಲ," ಅಂದರು. "ಅದು ನನ್ನ ಬಲೀ ಜಾಗ."