ಅನುಮಾನವೇ ಬಾರದ ಓದುಗ

ನಾನು ಬರೆದುಕೊಟ್ಟ ಎರಡು ಸಾಲಿನಿಂದಾಗಿ ನಮ್ಮ ತಂಡದ ಎಷ್ಟೋ ಜನರ ಕೆಲಸ ವಾರಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ನಾನು ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಆಗಿತ್ತು.

ನಾನು ತಂತ್ರಾಂಶದ ಕೆಲಸದವನು. ಕಂಪನಿ ಬೆಂಗಳೂರಿನಲ್ಲಿ, ನಾನಿರುವುದು ಹೆಚ್ಚಾಗಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ. ನಮ್ಮಲ್ಲಿ ಯಾರೇ ಕೋಡ್ ಬರೆಯಲಿ, ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಒಳಗೆ ಸೇರುವುದು. ಈ ರಿವ್ಯೂ ನಡೆಯುವುದು ಗೆರಿಟ್‌ನಲ್ಲಿ. ಆಂಡ್ರಾಯ್ಡ್ ಕೋಡಿನ ಪರಿಶೀಲನೆಗೆಂದು ಗೂಗಲ್‌ನಲ್ಲಿ ಬೆಳೆದ ತಂತ್ರಾಂಶ ಅದು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯ ಬದಲಾವಣೆಗಳೂ 2012ರಿಂದ ಗೆರಿಟ್‌ನಲ್ಲೇ ಪರಿಶೀಲನೆಗೆ ಬರುತ್ತವೆ.

ಬಾಕಿ ಉಳಿದ ರಿವ್ಯೂಗಳನ್ನು ಎಐ ಏಜೆಂಟೇ ಹುಡುಕಿ ವಾರಕ್ಕೊಮ್ಮೆ ಪಟ್ಟಿ ಕೊಡಲಿ ಎಂದು ತೀರ್ಮಾನವಾಯಿತು. ಹುಡುಕುವ ಟೂಲನ್ನು ಏಜೆಂಟಿಗೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಇರುವುದರಿಂದ ಜೋಡಣೆ ಕಷ್ಟವಾಗಲಿಲ್ಲ. ಅದರಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಏನೇನು ಕೊಡಬೇಕೆಂಬ ಪಟ್ಟಿ ಇರುತ್ತದೆ. ಯಾವ ಟೂಲು ಬಳಸಬೇಕು, ಹೇಗೆ ಬಳಸಬೇಕು ಎಂಬುದನ್ನು ಏಜೆಂಟು ಅಷ್ಟನ್ನು ಓದಿಯೇ ನಿರ್ಧರಿಸಬೇಕು. ಕೋಡ್ ಬರೆಯಲು ಎಷ್ಟೋ ಹೊತ್ತು ಕೂತವನು ವಿವರಣೆಯನ್ನು ಮಾತ್ರ ಊಟಕ್ಕೇಳುವ ಮುಂಚೆ ಗೀಚಿ ಮುಗಿಸಿದೆ: ‘ಇದು ಕೋಡ್ ರಿವ್ಯೂಗಳನ್ನು ಹುಡುಕುತ್ತದೆ. ಪ್ರಶ್ನೆ ಗೆರಿಟ್ ರೀತಿಯಲ್ಲಿರಲಿ.’

ಪಟ್ಟಿ ಬರತೊಡಗಿತು. ಅಚ್ಚುಕಟ್ಟಾಗಿತ್ತು, ಎಲ್ಲರೂ ಮೆಚ್ಚಿಕೊಂಡರು. ಒಂದು ಸೋಮವಾರದ ಮೀಟಿಂಗಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು, “ನನ್ನ ಬದಲಾವಣೆ ಕಾಯ್ತಾನೇ ಇದೆ, ಪಟ್ಟಿಯಲ್ಲಿ ಒಂದು ಸಲವೂ ಬಂದಿಲ್ಲವಲ್ಲ?” ಎಂದು ಕೇಳಿದರು. “ಎಐ ಅಲ್ವಾ ಸಾರ್, ಒಮ್ಮೊಮ್ಮೆ ಹಾಗೇ” ಎಂದುಬಿಟ್ಟೆ. ಎಲ್ಲರೂ ತಲೆಯಾಡಿಸಿದರು.

ಮಧ್ಯಾಹ್ನ ಲಾಗ್ ತೆಗೆದು ನೋಡಿದೆ. ಏಜೆಂಟು ಪ್ರತಿ ವಾರವೂ ‘ಏಜ್:7ಡಿ’ ಎಂದು ಹುಡುಕಿತ್ತು. ಕಳೆದ ಏಳು ದಿನದ್ದು ಸಿಗುತ್ತದೆ ಎಂಬುದು ಅದರ ಊಹೆ. ಗೆರಿಟ್‌ನಲ್ಲಿ ಅದರ ಅರ್ಥ ಉಲ್ಟಾ: ಏಳು ದಿನದಿಂದ ಯಾರೂ ಮುಟ್ಟದೇ ಇರುವವು. ಈ ವಾರದ್ದು ಬೇಕಿದ್ದರೆ ಮುಂದೆ ಒಂದು ಮೈನಸ್ ಗುರುತು ಹಾಕಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬರೆಯಬೇಕು ಅನ್ನಿಸಿರಲಿಲ್ಲ. ಇನ್ನೂ ಕೆಟ್ಟದ್ದೊಂದಿತ್ತು. ಒಂದು ಸಲಕ್ಕೆ 25 ಫಲಿತಾಂಶ ಸಾಕೆಂದು ಟೂಲಿನಲ್ಲಿ ಮಿತಿ ಹಾಕಿದ್ದವನು ನಾನೇ. ಇನ್ನೂ ಉಳಿದಿದ್ದರೆ ಗೆರಿಟ್ ಕೊನೆಯ ಫಲಿತಾಂಶದ ಜೊತೆ ‘ಇನ್ನಷ್ಟಿವೆ’ ಎಂಬ ಸೂಚನೆ ಕಳಿಸುತ್ತದೆ. ಉತ್ತರ ಚಿಕ್ಕದಿರಲಿ ಎಂದು ಅದನ್ನೂ ಕತ್ತರಿಸಿಹಾಕಿದ್ದೆ. ಹಾಗಾಗಿ ‘ಒಟ್ಟು ಬಾಕಿ 25’ ಎಂದು ಏಜೆಂಟು ಧೈರ್ಯವಾಗಿ ಬರೆದಿತ್ತು. ಬೇರೆ ಏನು ಬರೆಯಲು ಅದಕ್ಕೆ ಸಾಧ್ಯವಿತ್ತು?

ಮಾರನೆಯ ದಿನ ಎಲ್ಲರೆದುರು ಹೇಳಿದೆ. ಯಾರೂ ಬೈಯಲಿಲ್ಲ. ಆದರೆ ತಂಡದ ಕಿರಿಯ ಹುಡುಗಿಯೊಬ್ಬಳು ಆಮೇಲೆ ಫೋನ್ ಮಾಡಿ, “ಸಾರ್, ನಾನೂ ಸೇರಿದ ಹೊಸದರಲ್ಲಿ ಅದೇ ತಪ್ಪು ಮಾಡ್ತಿದ್ದೆ. ನಿಮ್ಮನ್ನ ಕೇಳೋಕೆ ಸಂಕೋಚ ಆಗಿತ್ತು” ಎಂದಳು. ಆ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಇಷ್ಟು ವರ್ಷ ನನ್ನ ದಾಖಲೆಗಳು ಚೆನ್ನಾಗಿವೆ ಎಂದುಕೊಂಡಿದ್ದೆ. ಚೆನ್ನಾಗಿದ್ದದ್ದು ದಾಖಲೆಯಲ್ಲ, ಅದು ಅರ್ಥವಾಗದೆ ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಿದ್ದವರ ಧೈರ್ಯ. ಧೈರ್ಯವಿಲ್ಲದವರು ಸುಮ್ಮನೆ ಹೆಣಗಿದ್ದಾರೆ. ಏಜೆಂಟಿಗಂತೂ ಅನುಮಾನವೇ ಬರಲಿಲ್ಲ. ನಾನು ಬಿಟ್ಟ ಜಾಗವನ್ನು ತನಗೆ ತೋಚಿದ್ದರಿಂದ ತುಂಬಿಕೊಂಡು ಮುಂದೆ ಹೋಯಿತು.

ಆ ವಾರವೇ ನಮ್ಮ ಮನೆಯಲ್ಲಿ ಅಟ್ಟದ ಕಾಯಿ ಇಳಿಸುತ್ತಿದ್ದರು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೇ ಒಣಗಲು ಬಿಡುತ್ತೇವೆ. ಅವಸರಕ್ಕೆ ಒಡೆದರೆ ಹಸಿ. ತಿಪಟೂರು ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ. ಹೊಸದಾಗಿ ಬಂದ ಕೂಲಿಯಾಳಿಗೆ ಚಿಕ್ಕಪ್ಪ ಹೇಳುತ್ತಿದ್ದರು: “ಅಲ್ಲಾಡ್ಸಿ ನೋಡಪ್ಪ. ಗಡಗಡ ಅಂದ್ರೆ ಇಳ್ಸು. ನೀರು ಕುಲುಕಿದ್ರೆ ಅಲ್ಲೇ ಬಿಡು. ಸದ್ದೇ ಇಲ್ಲ ಅಂದ್ರೆ ನನ್ನ ಕರಿ.” ಏನು ಮಾಡಬೇಕು, ಏನು ಮಾಡಬಾರದು, ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು, ಮೂರೂ ಅದರಲ್ಲಿತ್ತು. ನನ್ನ ವಿವರಣೆಯಲ್ಲಿ ಮೊದಲನೆಯದೂ ಅರ್ಧವೇ ಇತ್ತು.

ಅಂದು ರಾತ್ರಿ ಕೂತು ಹೊಸದಾಗಿ ಬರೆದೆ. ‘ಏಜ್’ ಎಂದರೆ ಏನಲ್ಲ ಎಂಬುದನ್ನು ಮೊದಲು ಹೇಳಿ, ಸರಿಯಾದ ಪ್ರಶ್ನೆಯ ಪಕ್ಕದಲ್ಲೇ ತಪ್ಪು ಪ್ರಶ್ನೆಯನ್ನೂ ಇಟ್ಟೆ. ಬದಲಾವಣೆಯ ಓನರ್ ಬೇರೆ, ಕೋಡ್ ಬರೆದ ಆಥರ್ ಬೇರೆ ಇರಬಹುದು ಎಂಬುದನ್ನು ಸೇರಿಸಿದೆ. ‘ಇನ್ನಷ್ಟಿವೆ’ ಎಂಬ ಸೂಚನೆ ಮತ್ತೆ ಕಾಣುವಂತೆ ಮಾಡಿದೆ. ಉತ್ತರ ಖಾಲಿ ಬಂದರೆ ‘ಏನೂ ಬಾಕಿ ಇಲ್ಲ’ ಎಂದು ಬರೆಯಬೇಡ, ಕೇಳಿದ ಪ್ರಶ್ನೆಯನ್ನೇ ತೋರಿಸಿ ಮನುಷ್ಯರ ಗಮನಕ್ಕೆ ತಾ ಎಂದು ಕೊನೆಗೆ ಹಾಕಿದೆ. ವಿವರಣೆ ಒಂದು ಪುಟವಾಯಿತು. ಏಜೆಂಟಿಗೆ ಕೊಡುವ ಮೊದಲು ಆ ಹುಡುಗಿಗೇ ಕಳಿಸಿದೆ. ಎರಡು ಕಡೆ ಅರ್ಥವಾಗುತ್ತಿಲ್ಲ ಎಂದಳು, ತಿದ್ದಿದೆ.

ಈಗ ಎಲ್ಲ ಕಡೆ ಏಜೆಂಟುಗಳಿಗೆ ಟೂಲು ಜೋಡಿಸುವ ಭರಾಟೆ. ಆ ಕೆಲಸದಲ್ಲಿರುವ ನಮ್ಮ ಹುಡುಗರಲ್ಲಿ ಒಂದು ವಿನಂತಿ: ವಿವರಣೆಯನ್ನು ಊಟದ ಮುಂಚಿನ ಕೆಲಸವಾಗಿ ಮುಗಿಸಬೇಡಿ. ಬರೆದದ್ದನ್ನು ನಿಮ್ಮ ತಂಡದಲ್ಲಿ ಹೆಚ್ಚು ಮಾತಾಡದ ಹೊಸಬರಿಗೆ ಮೊದಲು ಓದಲು ಕೊಡಿ, ಅವರು ಎಲ್ಲಿ ನಿಂತರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.