ಹಲ್ಲುನೋವಿಗೆ ಶನಿವಾರ ಗೊತ್ತು

ಹಲ್ಲುನೋವಿಗೆ ಕ್ಯಾಲೆಂಡರ್ ನೋಡೋಕೆ ಬರುತ್ತೆ ಅಂತ ನನಗೆ ಗಟ್ಟಿ ಅನುಮಾನ. ಸೋಮವಾರ ಬೆಳಗ್ಗೆ ಹತ್ತಕ್ಕೆ, ಡಾಕ್ಟರು ಕ್ಲಿನಿಕ್ಕಿನ ಶಟರ್ ಎತ್ತೋ ಹೊತ್ತಿಗೆ ಅದು ಶುರುವಾಗಿದ್ದನ್ನ ನಾನಂತೂ ನೋಡಿಲ್ಲ. ಶನಿವಾರ ರಾತ್ರಿ ಹನ್ನೊಂದೂವರೆ, ನಾಳೆ ಭಾನುವಾರ, ನಾಡಿದ್ದು ಹಬ್ಬ ಅನ್ನೋವಾಗ ತಪ್ಪದೇ ಬರುತ್ತೆ.

ನಮ್ಮೂರು ದೊಡ್ಡಬಳ್ಳಾಪುರ. ಬೀದಿಗೆ ಕಾಲಿಟ್ಟರೆ ಮಗ್ಗದ ಸದ್ದು. ಒಂದು ಯುಗಾದಿಗೆ ಎರಡು ದಿನ ಮುಂಚೆಯೇ ಊರಿಗೆ ಹೋಗಿದ್ದೆ. ಅಮ್ಮ ಊಟಾನೆಲ್ಲ ಬಲಗಡೆಯೇ ಅಗೀತಿದ್ದಳು.

"ಹಲ್ಲು ನೋವಾ ಅಮ್ಮಾ?"

"ಏನಿಲ್ಲ ಬಿಡೋ, ಎರಡು ದಿನದಿಂದ ಸ್ವಲ್ಪ ಜುಮ್ ಅಂತೈತೆ."

ಅಪ್ಪ ಪಕ್ಕದಿಂದ, "ಎರಡು ದಿನ ಅಲ್ಲ ಕಣಪ್ಪ, ಎರಡು ತಿಂಗಳು. ಡಾಕ್ಟ್ರು ಸಾವಿರಗಟ್ಟಲೆ ಕೇಳ್ತಾರೆ ಅಂತ ಭಯ ಇವಳಿಗೆ" ಅಂದರು.

ಆ ರಾತ್ರಿ ಅಮ್ಮ ಮಲಗಲಿಲ್ಲ. ಹಲ್ಲುನೋವು ರಾತ್ರಿ ಜಾಸ್ತಿಯಾಗೋಕೆ ಕಾರಣ ಇದೆ. ಹಲ್ಲಿನೊಳಗೆ ನರ, ರಕ್ತನಾಳ ಇರೋ ಮೆತ್ತನೆಯ ತಿರುಳಿದೆ. ಬೇರೆ ಕಡೆ ಗಾಯವಾದರೆ ಊದಿಕೊಳ್ಳೋಕೆ ಜಾಗ ಇರುತ್ತೆ, ಇಲ್ಲಿ ಸುತ್ತಲೂ ಗಟ್ಟಿ ಗೋಡೆ. ಮಲಗಿದರೆ ತಲೆಗೆ ರಕ್ತದ ಒತ್ತಡ ಹೆಚ್ಚಿ, ಎದೆ ಬಡಿದ ಹಾಗೆ ಹಲ್ಲು ಬಡಿಯುತ್ತೆ. ಅದಕ್ಕೇ ಮೊದಲ ಕೆಲಸ, ಎರಡು ದಿಂಬು ಇಟ್ಟು ತಲೆ ಎತ್ತರಿಸಿದ್ದು.

ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸೋದು, ಹಲ್ಲಿನ ಸಂದಿಯಲ್ಲಿ ಸಿಕ್ಕಿರೋ ಆಹಾರ ತೆಗೆಯೋದು. ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆ ಹೊರಗಡೆ ಹತ್ತು-ಹದಿನೈದು ನಿಮಿಷ. ಬಿಸಿ ಶಾಖ ಕೊಡಬಾರದು, ಊತ ಇದ್ದರೆ ಜಾಸ್ತಿಯಾಗಬಹುದು. ಮನೇಲಿ ಡೋಲೋ 650 ಇತ್ತು, ನಮ್ಮ ಬೆಂಗಳೂರಿನ ಕಂಪನಿಯದ್ದೇ ಮಾತ್ರೆ. ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದರೆ ಅದನ್ನೂ ಕೇಳದೆ ನುಂಗಬಾರದು. ಐಬುಪ್ರೊಫೇನ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಅಮ್ಮನಿಗೆ ಹೊಟ್ಟೆ ಹುಣ್ಣಿತ್ತು. ಹುಣ್ಣು, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನ ಕೇಳದೆ ಅದನ್ನ ಮುಟ್ಟಬಾರದು.

ಲವಂಗದ ವಿಷಯದಲ್ಲಿ ಅಜ್ಜಿಯರದ್ದೇ ಸರಿ. ಅದರಲ್ಲಿರೋ ಯುಜಿನಾಲ್ ನರವನ್ನ ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ. ಡೆಂಟಲ್ ಕ್ಲಿನಿಕ್ಕಿನ ಆ ವಾಸನೆ ಇದೆಯಲ್ಲ, ಅದು ತಾತ್ಕಾಲಿಕ ಫಿಲ್ಲಿಂಗಿನಲ್ಲಿರೋ ಇದೇ ಯುಜಿನಾಲ್. ಎಣ್ಣೆಯಾದರೆ ಹತ್ತಿಗೆ ಒಂದೇ ತೊಟ್ಟು, ಹೆಚ್ಚಾದರೆ ಒಸಡು ಸುಡುತ್ತೆ. ಮಾತ್ರೆ ಪುಡಿ ಮಾಡಿ ಒಸಡಿಗೆ ಇಟ್ಟರೂ ಅಷ್ಟೆ.

ಎದುರುಮನೆ ಅಜ್ಜಿ ಬೆಳಗ್ಗೆಯೇ ಬಂದು, "ಕಡ್ಡಿಪುಡಿ ಇಟ್ಕೊಳ್ಳೇ, ಇಲ್ಲಾಂದ್ರೆ ಹೊಗೆ ಹಾಕಿಸು, ಹುಳ ಉದುರ್ತದೆ" ಅಂದರು. ಕಡ್ಡಿಪುಡಿ ಅಂದರೆ ತಂಬಾಕು, ನೋವಿನ ಜೊತೆಗೆ ಚಟಾನೂ ಅಂಟಿಸುತ್ತೆ. ಹುಳದ ಕಥೆ ಮಾತ್ರ ನಮ್ಮೊಬ್ಬರದ್ದಲ್ಲ. ಯುರೋಪಿನಲ್ಲೂ ಹೆನ್‌ಬೇನ್ ಅನ್ನೋ ಗಿಡದ ಬೀಜ ಸುಟ್ಟು ಹೊಗೆ ಕೊಡ್ತಿದ್ದರು. ನೀರಿಗೆ ಬೀಳ್ತಿದ್ದ 'ಹುಳ' ಆ ಬೀಜದೊಳಗಿನ ಮೊಳಕೆ. 1728ರಲ್ಲೇ ಫ್ರಾನ್ಸಿನ ಪಿಯರ್ ಫೊಷಾರ್ ತನ್ನ ದಂತವೈದ್ಯದ ಪುಸ್ತಕದಲ್ಲಿ ಹುಳದ ಮಾತನ್ನ ಒಪ್ಪಲಿಲ್ಲ. ಕನ್ನಡದಲ್ಲಿ ಮಾತ್ರ ಅದು ಇನ್ನೂ 'ಹುಳುಕುಹಲ್ಲು'.

ಹಬ್ಬದ ಸಂಜೆ ನೋವು ಫಟ್ ಅಂತ ನಿಂತುಹೋಯ್ತು. ಅಮ್ಮನ ಮುಖ ಅರಳಿತು. "ನೋಡು, ಲವಂಗಕ್ಕೇ ಹೋಯ್ತು. ನಾಳೆ ಡಾಕ್ಟ್ರೂ ಬೇಡ, ಏನೂ ಬೇಡ."

ನಿಜವಾಗಿ ಹೆದರಬೇಕಾದ್ದು ಈ ಹೊತ್ತಿಗೆ. ಹಲ್ಲಿನ ತಿರುಳು ಸತ್ತರೆ ನೋವು ನಿಲ್ಲುತ್ತೆ. ಸೋಂಕು ನಿಲ್ಲಲ್ಲ, ಸದ್ದಿಲ್ಲದೆ ಬೇರಿಗಿಳಿದು ಕೀವು ಕಟ್ಟುತ್ತೆ. ಮಂಗಳವಾರ ನಾನು ರಜ ಹಾಕಿ ಅಮ್ಮನ್ನ ಕರೆದುಕೊಂಡೇ ಹೋದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಚುಕ್ಕೆ. "ಇನ್ನೂ ತಡ ಆಗಿದ್ರೆ ಕೀಳಬೇಕಿತ್ತು" ಅಂದರು ಡಾಕ್ಟರು. ರೂಟ್ ಕೆನಾಲ್ ಆಯ್ತು, ಹಲ್ಲು ಉಳೀತು.

ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗೋದೂ ಇದಕ್ಕೆ ದಾರಿಯಲ್ಲ. ಊತ, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಸಾಮಾನ್ಯವಾಗಿ ಅದು ಬೇಡ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಹೇಳಿದೆ. ಖರ್ಚಿನ ಭಯ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಕೆನ್ನೆ ಅಥವಾ ದವಡೆ ಕೆಳಗೆ ಊತ, ಜ್ವರ, ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಅಂದರೆ ಮಾತ್ರ ಬೆಳಗಾಗೋವರೆಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಊರಿಗೆ ಫೋನ್ ಮಾಡಿದಾಗ ನಾವೆಲ್ಲ "ಊಟ ಆಯ್ತಾ?" ಅಂತ ಕೇಳ್ತೀವಿ. ಆಯ್ತು ಅಂತಾರೆ, ಮುಗೀತು. ಈ ವಾರ ಇನ್ನೊಂದು ಪ್ರಶ್ನೆ ಸೇರಿಸಿ ನೋಡಿ: "ಎರಡೂ ಕಡೆ ಅಗಿಯೋಕಾಗುತ್ತಾ?" ಉತ್ತರ ಬರೋಕೆ ಸ್ವಲ್ಪ ತಡವಾದರೆ, ಮುಂದಿನ ಶನಿವಾರದೊಳಗೆ ಅಪಾಯಿಂಟ್‌ಮೆಂಟ್ ತಗೊಂಡುಬಿಡಿ.