ತುತ್ತು ಇಳಿಯುವ ಹಾದಿ

ವಡಪಳನಿಗೆ ಬಂದು ನೆಲೆಸಿದ ಮೇಲೂ ನಮ್ಮ ಮನೆಯ ಊಟ ಬದಲಾಗಲಿಲ್ಲ: ರಾಗಿಮುದ್ದೆ, ಸೊಪ್ಪಿನ ಸಾರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಹಿರಿಯರ ಪಾಠ. ಮಗ ಮಾತ್ರ ತುತ್ತು ತುತ್ತಿಗೂ ನೀರು ಕುಡಿಯುತ್ತಿದ್ದ. ಗಂಟೆಯಾದರೂ ತಟ್ಟೆ ಖಾಲಿಯಾಗುತ್ತಿರಲಿಲ್ಲ. ಹಟವೆಂದು ಗದರಿದೆವು. ಹದಿನೇಳನೆಯ ವಯಸ್ಸಿನಲ್ಲಿ ಚಪಾತಿಯ ಚೂರೊಂದು ಅವನ ಎದೆಯಲ್ಲಿ ಸಿಕ್ಕಿಕೊಂಡು, ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದಾಗಲೇ ಅದು ರೋಗವೆಂದು ತಿಳಿದದ್ದು.

ಅದರ ಹೆಸರು ಇಯೊಸಿನೊಫಿಲಿಕ್ ಈಸೊಫೇಜೈಟಿಸ್. ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ನೆರೆದು ಉರಿಯೂತ ಉಂಟುಮಾಡುತ್ತವೆ. ಹಾಗೆಯೇ ಬಿಟ್ಟರೆ ವರ್ಷಗಳು ಕಳೆದಂತೆ ನಾಳ ಗಡುಸಾಗಿ ಕಿರಿದಾಗಬಹುದು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಅಂಥ ಕಣಗಳು 15 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ವೈದ್ಯರು ಈ ರೋಗವನ್ನು ಶಂಕಿಸುತ್ತಾರೆ.

ನಮಗೆ ಬರೆದುಕೊಟ್ಟದ್ದು ಬುಡೆಸೊನೈಡ್ ಎಂಬ ಸ್ಟೀರಾಯ್ಡ್. ಆರ್ಕಾಟ್ ರಸ್ತೆಯ ಔಷಧದಂಗಡಿಯವರು, ಇದು ಆಸ್ತಮಾದವರು ನೆಬ್ಯುಲೈಸರಿಗೆ ಹಾಕುವುದಲ್ಲವೇ ಎಂದು ಕೇಳಿದರು. ಅದನ್ನೇ ಜೇನಿನಲ್ಲಿ ಕಲಸಿ ನುಂಗಬೇಕು. ಬಳಿಕ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಔಷಧ ನಾಳದ ಗೋಡೆಗೆ ಅಂಟಿ ನಿಲ್ಲಬೇಕು.

ಹನ್ನೆರಡು ವಾರ ಕಳೆಯಿತು. "ಅಪ್ಪ, ಈಗ ಆರಾಮಾಗಿದ್ದೀನಿ. ಮತ್ತೆ ಆ ಎಂಡೋಸ್ಕೋಪಿ ಬೇಡ" ಎಂದ ಮಗ. ನಮಗೂ ನಂಬುವ ಆಸೆ. ಆದರೆ ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಈ ರೋಗಕ್ಕೆಂದೇ ಬುಡೆಸೊನೈಡ್ ದ್ರಾವಣಕ್ಕೆ ಅನುಮತಿ ದೊರೆಯಲು ಆಧಾರವಾದ ಪರೀಕ್ಷೆಯೊಂದರ ಫಲಿತಾಂಶವನ್ನು ಓದಿದ್ದೆವು. ಅಲ್ಲಿ ಔಷಧವಿಲ್ಲದ ಹುಸಿ ದ್ರಾವಣವನ್ನು 12 ವಾರ ಕುಡಿದವರಲ್ಲೂ ಸುಮಾರು ಶೇ. 39 ಮಂದಿಗೆ ನುಂಗುವ ಕಷ್ಟ ಗಣನೀಯವಾಗಿ ತಗ್ಗಿತ್ತು. ಅಂಗಾಂಶದಲ್ಲಿ ಉರಿಯೂತ ಶಮನವಾದದ್ದು ಶೇ. 1ರಷ್ಟು ಮಂದಿಯಲ್ಲಿ ಮಾತ್ರ. ನಿಜವಾದ ಔಷಧ ಪಡೆದವರಲ್ಲಿಯೂ ಆ ಪ್ರಮಾಣ ಶೇ. 53. ನಾಲಗೆ ಹೇಳುವುದು ಸುಳ್ಳಲ್ಲ; ಆದರೆ ನಾಳದ ಸ್ಥಿತಿ ಅದಕ್ಕೆ ತಿಳಿಯದು.

ಹಿಂದೆ ಅವನ ಕಷ್ಟವನ್ನು ನಂಬದೆ ಗದರಿದ್ದೆವು. ಈಗ ಅವನ ನೆಮ್ಮದಿಯನ್ನೂ ನಂಬದಿರುವುದು ಹೇಗೆ? ಈ ಸಲ ಅಪ್ಪಣೆ ಮಾಡಲಿಲ್ಲ. ಅಂಕಿಗಳನ್ನು ಅವನ ಮುಂದಿಟ್ಟೆವು. ಓದಿ, ತಾನೇ ಹೊರಟ.

ವರದಿ ಬಂತು: ಮೊದಲು 42 ಇದ್ದದ್ದು ಈಗ 3. ಔಷಧ ನಿಲ್ಲಿಸಿದರೆ ರೋಗ ಮರಳುವುದು ಸಾಮಾನ್ಯವೆಂದು ವೈದ್ಯರು ಎಚ್ಚರಿಸಿದ್ದಾರೆ. ಆ ರಾತ್ರಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಆಮೇಲೆ ಅಭ್ಯಾಸದಂತೆ ನೀರಿನ ಲೋಟ ಎತ್ತಿಕೊಂಡ. ನಾವು ಗದರಲಿಲ್ಲ.